ಗುಳ್ಳೆ ರಬ್ಬರಿನ ಪರವಾಗಿ

ರಾಮದುರ್ಗದ ಟೇಬಲ್ ಟೆನಿಸ್ ಪಂದ್ಯಕ್ಕೆ ಹೋಗುವ ನಮ್ಮ ಬೈಲಹೊಂಗಲದ ಕಾಲೇಜು ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ಅದಕ್ಕೆ ಇಬ್ಬರು: ನಾನು ಮತ್ತು ಸವದತ್ತಿಯಿಂದ ಬಂದು ನನ್ನ ರೂಮಿನಲ್ಲೇ ಇದ್ದ ಗೆಳೆಯ. ಅವನು ಮೇಜಿಗಂಟಿ ನಿಂತು, ಚೆಂಡಿಗೆ ಸುತ್ತು ಕೊಟ್ಟು ಹೊಡೆಯುವವನು. ನಾನು ಹಿಂದೆ ಸರಿದು, ಬಂದದ್ದನ್ನೆಲ್ಲ ಬ್ಯಾಟಿನಿಂದ ಅಡಿಯಲ್ಲಿ ಸವರಿ ಕೊಯ್ದು, ಹಿಮ್ಮುಖ ಸುತ್ತಿನಲ್ಲಿ ಮರಳಿಸುವವನು.

ಎಪ್ಪತ್ತರ ದಶಕದ ನಡುವಿನ ಆ ವರ್ಷ ಕಾಲೇಜಿಗೆ ನಯವಾದ ಸ್ಪಂಜ್ ರಬ್ಬರಿನ ಬ್ಯಾಟುಗಳು ಬಂದಿದ್ದವು. ಆಯ್ಕೆಯ ಆಟವನ್ನು ಇಬ್ಬರೂ ಅವುಗಳಲ್ಲೇ ಆಡಬೇಕೆಂದು ಕಿತ್ತೂರಿನವನಾದ ನಮ್ಮ ಕ್ಯಾಪ್ಟನ್ ಹೇಳಿಬಿಟ್ಟ. ಆಗ ಯಾರಿಗೂ ಅನ್ಯಾಯವಿಲ್ಲವಂತೆ.

"ಇಬ್ಬರಿಗೂ ಒಂದ ಅಳತಿ ಚಪ್ಲಿ ಕೊಟ್ರ ನ್ಯಾಯಾ ಆಗತೈತೇನ್ರಿ?" ಎಂದೆ. "ಈ ರಬ್ಬರ್ ಚಲೋ ಅಂತೀರಿ. ಯಾರಿಗೆ ಚಲೋ?"

"ಎಲ್ಲಾರಿಗೂ. ಇದು ಚರ್ಚಾಸ್ಪರ್ಧೆ ಅಲ್ಲೋ ಮಾರಾಯಾ," ಎಂದ ಕ್ಯಾಪ್ಟನ್.

"ಹಂಗಾರ ಸಾಬೀತ ಮಾಡ್ರಿ."

ವಾದ ಎಳೆದು ಎಳೆದು ಒಪ್ಪಂದಕ್ಕೆ ಬಂತು. ಮೂರು ಗೇಮಿನಲ್ಲಿ ಮೊದಲನೆಯದು ಕ್ಯಾಪ್ಟನ್ ಹೇಳಿದ ಬ್ಯಾಟಿನಲ್ಲಿ, ಉಳಿದದ್ದು ನನ್ನಿಷ್ಟ.

ನನ್ನಿಷ್ಟವೆಂದರೆ ಗುಳ್ಳೆ ರಬ್ಬರಿನ ಹಳೆಯ ಬ್ಯಾಟು; ಸ್ಪಂಜಿಲ್ಲ, ಮೈತುಂಬ ಸಣ್ಣ ಸಣ್ಣ ರಬ್ಬರ್ ಗುಳ್ಳೆಗಳು. ರಬ್ಬರಿನ ಹಾಳೆ ಕಿತ್ತಾಗಲೆಲ್ಲ ಸೈಕಲ್ ಪಂಕ್ಚರಿನ ಸಲೂಷನ್ ಹಚ್ಚಿ ನಾನೇ ಅಂಟಿಸುತ್ತಿದ್ದೆ. ಸುಮ್ಮನೆ ನಂಬಿ ಹಿಡಿದದ್ದಲ್ಲ. ಗೆಳೆಯನಿಂದಲೇ ಒಂದೇ ಹೊಡೆತವನ್ನು ಮತ್ತೆ ಮತ್ತೆ ಹೊಡೆಸಿ ಎರಡನ್ನೂ ಪರೀಕ್ಷಿಸಿದ್ದೆ. ಸ್ಪಂಜು ಅವನ ಸುತ್ತನ್ನು ಹಿಡಿದು ಚೆಂಡನ್ನು ಮೇಲಕ್ಕೆ ಹಾರಿಸುತ್ತಿತ್ತು. ಗುಳ್ಳೆಗಳಿಗೆ ಆ ಸುತ್ತು ಅಷ್ಟಾಗಿ ತಾಗುತ್ತಿರಲಿಲ್ಲ.

ಮೊದಲ ಗೇಮ್ ಹಾಗೇ ಆಯಿತು. ನನ್ನ ಚೆಂಡುಗಳು ಮೇಜು ದಾಟಿ ಗೋಡೆಗೆ ಬಡಿದವು. "ವಕೀಲ ಸಾಹೇಬ್ರ, ಗ್ವಾಡಿ ಮುರೀಬ್ಯಾಡ್ರಿ!" ಎಂದು ಯಾರೋ ಕೂಗಿದರು. ಎರಡನೆಯದರಲ್ಲಿ ಗುಳ್ಳೆ ಬ್ಯಾಟು ಹಿಡಿದೆ. ಚೆಂಡು ನೆಟ್ಟಿನ ಅಂಚು ಸವರಿಕೊಂಡು ಮರಳತೊಡಗಿತು. ಗೆಳೆಯ ಹೊಡೆದು ಹೊಡೆದು ಸೋತ.

ಮೂರನೆಯದರಲ್ಲಿ ಗೆಳೆಯ ಹೊಡೆಯುವುದನ್ನೇ ನಿಲ್ಲಿಸಿದ. ಸುತ್ತಿಲ್ಲದ ಸತ್ತ ಚೆಂಡನ್ನು ಮೆಲ್ಲಗೆ ತಳ್ಳಿದ. ನಾನು ಕೊಯ್ದೆ, ಅದಕ್ಕೆ ಯಾವ ಮೊನಚೂ ಇರಲಿಲ್ಲ. ಮತ್ತೆ ತಳ್ಳಿದ. ಆಗ ಹೊಳೆಯಿತು: ಗುಳ್ಳೆ ಬ್ಯಾಟು ತಾನಾಗಿ ಸುತ್ತು ಹುಟ್ಟಿಸದು, ಎದುರಿನವನ ಸುತ್ತಿದ್ದರೇ ಅದಕ್ಕೆ ಬಲ. ಬ್ಯಾಟುಗಳನ್ನು ಪರೀಕ್ಷಿಸಿದಾಗ ಮೇಜಿನ ಆಚೆ ನಿಂತಿದ್ದವನು ಅವನೇ ಅಲ್ಲವೆ? ನನ್ನ ಬ್ಯಾಟಿನ ದೌರ್ಬಲ್ಯವನ್ನು ನನಗಿಂತ ಮೊದಲು ಕಂಡುಕೊಂಡಿದ್ದ.

"ಏನ್ ದೋಸ್ತ, ವಾದಾ ಮುಗೀತೇನು?" ಎಂದ.

ಹತ್ತೊಂಬತ್ತು ಸಮ. ಅವನು ತಳ್ಳಿದ ಚೆಂಡನ್ನು, ಎಂದೂ ಹೊಡೆಯದ ನಾನು, ಮುಂದೆ ನುಗ್ಗಿ ಚಪ್ಪಟೆಯಾಗಿ ಬಾರಿಸಿದೆ. ಗುಳ್ಳೆಗಳಿಂದ ಚಟ್ಟೆಂದು ಸಿಡಿದು ಅವನ ಮೊಣಕೈ ಪಕ್ಕದಲ್ಲಿ ಹಾಯ್ದುಹೋಯಿತು. ಇಪ್ಪತ್ತು. ಮುಂದಿನದನ್ನು ಮತ್ತೂ ಮೆಲ್ಲಗೆ ತಳ್ಳಿದ. ಹೊಡೆಯಲೋ ಬೇಡವೋ ಎಂದು ಯೋಚಿಸಲು ಸಮಯವಿರಲಿಲ್ಲ. ಹೊಡೆದೆ. ಚೆಂಡು ಮೂಲೆಯ ಬಿಳಿ ಗೆರೆಯ ಮೇಲೆ ಪುಟಿದು ಅವನಿಗೆ ಸಿಗದೆ ಹೋಯಿತು. ಇಪ್ಪತ್ತೊಂದು, ಗೇಮ್ ನನ್ನದು.

ಕ್ಯಾಪ್ಟನ್ ನನ್ನ ಬ್ಯಾಟಿನ ಮೇಲೆ ಹೆಬ್ಬೆರಳಾಡಿಸಿ ನೋಡಿದ. "ರಾಮದುರ್ಗಕ್ಕ ಇದನ್ನ ತಗೊಂಡ ಬಾ. ಆದ್ರ ಚಲೋ ರಬ್ಬರ್ ಅಂದ್ರ ಸ್ಪಂಜ ಖರೆ."

ಉತ್ತರ ಕೊಡಲು ಬಾಯಿ ತೆರೆದೆ. ಗೆಳೆಯ ಬೆವರಿದ ಅಂಗೈಯನ್ನು ನನ್ನ ಬಾಯಿಗೆ ಒತ್ತಿ ಹಿಡಿದ. "ಜಾಗಾ ಸಿಕ್ಕೇತಲ್ಲೋ. ಸುಮ್ಕಿರು."