ಡಾಕಪ್ಪ ಹೊಲಿದ ಹನ್ನೆರಡು ಚೀಲ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಇಪ್ಪತ್ತೆಂಟು ವರ್ಷ ಚೀಲ ಹೊತ್ತ ಹಮಾಲ ಡಾಕಪ್ಪನಿಗೆ ೨೦೦೮ರ ಹೊತ್ತಿಗೆ ಸಾಕಾಗಿ ಹೋಗಿತ್ತು. ದುಡಿಯುವುದು ಸಾಕಾಗಿದ್ದಲ್ಲ, ಬಗ್ಗುವುದು ಸಾಕಾಗಿತ್ತು. ಬೆಳಿಗ್ಗೆ ಏಳುವಾಗ ಮೊದಲು ಮಗ್ಗುಲಾಗಿ, ಆಮೇಲೆ ಮೊಣಕೈ ಊರಿ, ಕೊನೆಗೆ ಗೋಡೆ ಹಿಡಿದು, ಹೀಗೆ ಮೂರು ಕಂತಿನಲ್ಲಿ ಏಳುತ್ತಿದ್ದ. ಬೆನ್ನಿನ ಮಣಿ ಸವೆದಿದೆ, ಇನ್ನೆರಡು ಸುಗ್ಗಿ ಹೊತ್ತರೆ ಹಾಸಿಗೆ ಹಿಡಿಯುತ್ತೀ ಎಂದು ಹಾವೇರಿಯ ಡಾಕ್ಟರು ಹೇಳಿದ್ದರು. ಹೊರದಿದ್ದರೆ ಏನು ತಿನ್ನಬೇಕು ಎಂಬುದನ್ನು ಮಾತ್ರ ಅವರು ಚೀಟಿಯಲ್ಲಿ ಬರೆದಿರಲಿಲ್ಲ. ನಲವತ್ತೇಳರ ಗಂಡಸಿಗೆ, ಅದೂ ಸಹಿ ಮಾಡುವಷ್ಟೇ ಅಕ್ಷರ ಬಲ್ಲವನಿಗೆ, ಹೊಸ ಕೆಲಸ ಹಿಡಿದುಕೊಂಡು ಯಾರು ಕಾಯುತ್ತಿರುತ್ತಾರೆ?

ಆದರೂ ಒಬ್ಬ ಸಿಕ್ಕ. ಡಾಕಪ್ಪ ದುಡಿಯುತ್ತಿದ್ದ ದಲಾಲಿ ಅಂಗಡಿಯ ಸಾಹುಕಾರ ಅಣ್ಣಾಜಿರಾಯರ ಮಗ ಸಮೀರ. ಪುಣೆಯಲ್ಲಿ ವ್ಯಾಯಾಮ ಕಲಿಸುವ ಕೋರ್ಸು ಮುಗಿಸಿ ಬಂದ ಸಮೀರ, ರಾಣೆಬೆನ್ನೂರಿನಲ್ಲಿದ್ದ ಅಪ್ಪನ ಹಳೆಯ ಗೋದಾಮನ್ನು ಜಿಮ್ ಮಾಡಲು ಹೊರಟಿದ್ದ. ಮುಂದಿನ ಭಾಗಕ್ಕೆ ಯಂತ್ರ, ಕನ್ನಡಿ. ಹಿಂದಿನ ಭಾಗದಲ್ಲಿ ಯಂತ್ರವೇ ಇಲ್ಲ. ಅದಕ್ಕೆ ಫಂಕ್ಷನಲ್ ಟ್ರೇನಿಂಗ್ ಎಂದು ಹೆಸರು.

"ಏನಿಲ್ಲೋ ಡಾಕಪ್ಪಾ, ಚೀಲ ಹೊರೂದು, ಹಗ್ಗ ಜಗ್ಗೂದು, ಗಾಡಿ ನೂಕೂದು, ಟೈರ್ ಉರುಳಸೂದು. ಮೈಯೆಲ್ಲಾ ಕೂಡಿ ದುಡೀಬೇಕು, ಅಷ್ಟ," ಎಂದು ಸಮೀರ ವಿವರಿಸಿದ.

"ಇದಕ್ಕ ರೊಕ್ಕ ಕೊಟ್ಟು ಬರ್ತಾರೇನ್ರಿ?"

"ಬರ್ತಾರ. ಬ್ಯಾಂಕಿನವರು, ಅಂಗಡಿಯವರು, ಕೂತು ಕೂತು ಮೈ ಜಡ್ಡುಗಟ್ಟಿದವರು."

ಡಾಕಪ್ಪನಿಗೆ ನಗು ಬರಬೇಕಿತ್ತು, ಬರಲಿಲ್ಲ. ದಣಿದವನಿಗೆ ನಗುವುದೂ ಒಂದು ಕೆಲಸವೇ. ಆದರೆ ಸಮೀರನ ಮುಂದಿನ ಮಾತಿಗೆ ಅವನ ಕಿವಿ ನೆಟ್ಟಗಾಯಿತು.

"ಆ ಜಾಗಾ ನೀ ಹೊಂದಿಸಿ ಕೊಡು. ಸಾಮಾನೂ ನೀನ ತಯಾರು ಮಾಡು. ಎಲ್ಲಾ ಸರಿ ಆತಂದ್ರ ಅದನ್ನ ನೋಡ್ಕೋಳಿಕ್ಕೆ ನೀನ ಇರು. ತಿಂಗಳ ಪಗಾರ. ನೀ ಹೊರೂದು ಬ್ಯಾಡ, ಬಂದವರಿಗೆ ತೋರಸೂದಷ್ಟ."

ಅಂದು ಸಂಜೆ ಹೆಂಡತಿ ಹೊಳಿಯವ್ವನಿಗೆ ಹೇಳಿದಾಗ ಅವಳು ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು. ಹಮಾಲರ ತಂಡದ ಮೇಸ್ತ್ರಿ ಶಮಶೇರಸಾಬನ ಮುಂದೆಯೂ ಡಾಕಪ್ಪ ಬಾಯಿ ಬಿಟ್ಟ. ಸಂಕ್ರಾಂತಿ ಆದ ಮೇಲೆ ತಾನು ಬರುವುದಿಲ್ಲ, ತನ್ನ ಜಾಗಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದ. "ಹೋಗಪಾ, ನಮ್ಮಾಗ ಒಬ್ಬಾವರ ನೆಟ್ಟಗ ನಿಂತು ಸಾಯಲಿ," ಎಂದು ಶಮಶೇರಸಾಬ ಬೆನ್ನಿಗೊಂದು ಏಟು ಕೊಟ್ಟ. ಅದೂ ನೋಯಿತು.

ಸುಗ್ಗಿ ಶುರುವಾಗಿತ್ತು. ಸೋಮವಾರ, ಗುರುವಾರ ಪೇಟೆಯಲ್ಲಿ ಚೀಲ ಹೊತ್ತು, ಉಳಿದ ದಿನ ಬಸ್ಸು ಹತ್ತಿ ಡಾಕಪ್ಪ ರಾಣೆಬೆನ್ನೂರಿಗೆ ಹೋಗುತ್ತಿದ್ದ. ಸಮೀರ ಕಾಗದದ ಮೇಲೆ ಚೆಂದದ ನಕಾಶೆ ಬರೆದಿಟ್ಟಿದ್ದ. ಡಾಕಪ್ಪನಿಗೆ ಕಾಗದ ತಿಳಿಯಲಿಲ್ಲ. ನೆಲದ ಮೇಲೇ ಸೀಮೆಸುಣ್ಣದಿಂದ ಗೀಚಿಸಿ, ಅದರೊಳಗೆ ಚೀಲ ಹೊತ್ತವನಂತೆ ನಾಲ್ಕು ಸಲ ಅಡ್ಡಾಡಿದ. ಆಮೇಲೆ ಒದ್ದೆ ಬಟ್ಟೆ ತಂದು ಅರ್ಧ ಗೆರೆ ಒರೆಸಿಬಿಟ್ಟ.

"ಹೊತ್ತಾವ ತಿರುಗಬಾರದ್ರಿ. ನೆಟ್ಟಗ ಹೋಗಿ ಇಳಸಬೇಕು. ಹೊರಿ ಮ್ಯಾಲಿದ್ದಾಗ ತಿರುಗಿದಾ ಅಂದ್ರ ಮೊಣಕಾಲು ಹೋತಂತ ತಿಳೀರಿ."

ಹಾಗೆ ತಿರುಗಿ ಮೊಣಕಾಲು ಕಳೆದುಕೊಂಡ ಪೇಟೆಯ ಹಮಾಲ ಹುಲಿಗೇಶ ಈಗ ಬಸ್ ಸ್ಟ್ಯಾಂಡಿನಲ್ಲಿ ಕೂತು ಬಾಳೆಹಣ್ಣು ಮಾರುತ್ತಾನೆ. ಆದ್ದರಿಂದ ಹೊತ್ತು ನಡೆಯುವ ದಾರಿ ಇಪ್ಪತ್ತು ಹೆಜ್ಜೆ, ಒಂದೇ ನೇರ, ನಡುವೆ ಏನೂ ಇಲ್ಲ. ಚೀಲಗಳನ್ನು ನೆಲದ ಮೇಲಿಡಬಾರದು, ಮೊಣಕಾಲೆತ್ತರದ ಕಟ್ಟೆ ಬೇಕು. ನೆಲದಿಂದ ಎತ್ತಿ ಎತ್ತಿಯೇ ಅವನ ಬೆನ್ನು ಹಾಳಾಗಿದ್ದು. ಟೈರು ಗೋಡೆಯ ಕಡೆಗೆ ಬೀಳಬಾರದು, ಯಾಕೆಂದರೆ ಗೋಡೆಗೂ ಟೈರಿಗೂ ನಡುವೆ ಯಾರದೋ ಕೈ ಇದ್ದೇ ಇರುತ್ತದೆ. ಕುಡಿಯುವ ನೀರು ದೂರದ ಮೂಲೆಯಲ್ಲಿರಲಿ, ಚೆಲ್ಲಿದ ನೀರು ದಾರಿಗೆ ಬರದಿರಲಿ. ನೆಲದ ಮೇಲಿನ ಒಂದೊಂದು ಗೆರೆಯ ಹಿಂದೆಯೂ ಪೇಟೆಯ ಒಬ್ಬನ ಕೈಯೋ ಕಾಲೋ ಇತ್ತು. ಇದೆಲ್ಲ ತನಗೆ ಕೋರ್ಸಿನಲ್ಲಿ ಯಾರೂ ಹೇಳಿಕೊಡಲಿಲ್ಲ ಎಂದು ಸಮೀರ ಬೆರಗಾದ. ಅವನ ಮೇಷ್ಟ್ರು ಯಾವತ್ತು ಚೀಲದಡಿ ಬಿದ್ದಿದ್ದರು, ಹೇಳಿಕೊಡಲಿಕ್ಕೆ?

ಸಾಮಾನು ಒಂದೊಂದಾಗಿ ಸೇರಿತು. ಗುಜರಿ ಅಂಗಡಿಯಿಂದ ಹಳೆಯ ರಬ್ಬರ್ ಪಟ್ಟಾ ತಂದು ಕಲ್ಲಿನ ನೆಲಕ್ಕೆ ಹಾಸಿದರು. ಲಾರಿ ಕಟ್ಟುವ ದಪ್ಪ ಹಗ್ಗವನ್ನು ಕಂಬದ ಬಳೆಗೆ ಬಿಗಿದರು. ಪೇಟೆಗೆ ಕರೆಂಟಿನ ತೂಕದ ಯಂತ್ರ ಬಂದ ಮೇಲೆ ಮೂಲೆ ಸೇರಿದ್ದ ಹಿಡಿಕೆಯ ತೂಕದ ಕಲ್ಲುಗಳು ಕೈಯಲ್ಲಿ ಹಿಡಿದು ಬೀಸುವುದಕ್ಕೆ ಬಂದವು. ಉಳಿದದ್ದು ಉಸುಕಿನ ಚೀಲ. ಅವನ್ನು ಹುಬ್ಬಳ್ಳಿಯಿಂದ ತರಿಸುತ್ತೇನೆ ಎಂದ ಸಮೀರನನ್ನು ಡಾಕಪ್ಪನೇ ತಡೆದ.

"ಚೀಲ ನನಗ ಬಿಡ್ರಿ. ಅದೊಂದು ನನಗ ಬರ್ತತಿ."

ಪೇಟೆಯಿಂದ ಇಪ್ಪತ್ನಾಲ್ಕು ಹಳೆಯ ಗೋಣಿಚೀಲ ತಂದ. ಒಂದೊಂದನ್ನೂ ತಿರುವಿ ಕಂಬಕ್ಕೆ ಬಡಿದ, ಮೂರು ದಿನ ಬಿಸಿಲಿಗೆ ಹಾಕಿದ, ಆಮೇಲೆ ಒಳಗೆ ತಲೆಯಿಟ್ಟು ಮೂಸಿ ನೋಡಿದ. ಕುಮಾರಪಟ್ಟಣದ ಕಡೆಯಿಂದ ಬಂದ ಹೊಳೆಯ ಉಸುಕನ್ನು ಜರಡಿ ಹಿಡಿದು, ಚೀಲದೊಳಗೊಂದು ಚೀಲ ಸೇರಿಸಿ ತುಂಬಿ, ದಬ್ಬಣದಿಂದ ಬಾಯಿ ಹೊಲಿದ. ಒಟ್ಟು ಹನ್ನೆರಡು. ಸಂಕ್ರಾಂತಿ ಕಳೆದ ಶನಿವಾರ ಹನ್ನೆರಡನ್ನೂ ತಾನೊಬ್ಬನೇ ಕಟ್ಟೆಯ ಮೇಲೆ ಜೋಡಿಸಿದ. ಮರುದಿನವೇ ಉದ್ಘಾಟನೆ. ಮುಂದೆ ಕನ್ನಡಿ ಕೂಡಿಸುವ ಗಡಿಬಿಡಿಯಲ್ಲಿದ್ದ ಸಮೀರ ಅಲ್ಲಿಂದಲೇ, ಚೀಲ ತೊಳೆಸೀಯೇನು ಎಂದು ಕೇಳಿದ.

"ಜಾಡಿಸೇನ್ರಿ, ಒಣಗಿಸೇನ್ರಿ, ಮೂಸಿ ನೋಡೇನ್ರಿ. ಏನೂ ಇಲ್ರಿ."

ಭಾನುವಾರ ಸಮೀರನ ತಾಯಿ ಗೋದೂಬಾಯಿ ಕಾಯಿ ಒಡೆಸಿ ಪೂಜೆ ಮಾಡಿಸಿದರು. ಅವರಿಗೆ ಮೊದಲೇ ದಮ್ಮಿನ ಕಾಯಿಲೆ. ಕುರ್ಚಿ ಹಾಕಿ ಹಿಂದಿನ ಭಾಗದಲ್ಲೇ ಕೂರಿಸಿದರು. ಫ್ಯಾನುಗಳಿಗೆ ಕರೆಂಟು ಕೊಟ್ಟರು. ಜಿಮ್ಮಿನ ಹೆಸರಿದ್ದ ಅಂಗಿ ತೊಟ್ಟು ಡಾಕಪ್ಪ ಹೊಸದಾಗಿ ಸೇರಿದ ಎಂಟು ಜನರನ್ನು ಸಾಲಾಗಿ ಕಟ್ಟೆಯ ಮುಂದೆ ನಿಲ್ಲಿಸಿದ.

"ಬೆನ್ನು ಕೊಡಬ್ಯಾಡ್ರಿ, ತೊಡಿ ಕೊಡ್ರಿ. ಚೀಲ ಎದಿಗೆ ಅವಚಿಕೊಂಡು ಏಳ್ರಿ."

"ಹಿಂಗೇನ್ರಿ ಡಾಕಪ್ಪನವರ?" ಎಂದು ಬ್ಯಾಂಕಿನ ಮ್ಯಾನೇಜರು ಕೇಳಿದರು.

ಡಾಕಪ್ಪನವರು. ಹುಟ್ಟಿದಾಗಿನಿಂದ ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ. ಬೆನ್ನಿನ ನೋವು ಅಷ್ಟು ಹೊತ್ತು ಎಲ್ಲಿ ಹೋಗಿತ್ತೋ. ಎಂಟು ಚೀಲ ಒಟ್ಟಿಗೆ ಹೆಗಲೇರಿದವು, ಇಪ್ಪತ್ತು ಹೆಜ್ಜೆ ನಡೆದವು, ದೊಪ್ಪನೆ ಇಳಿದವು.

ಮೊದಲು ಮ್ಯಾನೇಜರು ಸೀನಿದರು. ಆಮೇಲೆ ಅವರ ಪಕ್ಕದವನು. ಎರಡನೇ ಸಲ ಚೀಲ ಇಳಿದಾಗ ಎಂಟೂ ಜನ ಕೆಮ್ಮುತ್ತ, ಕಣ್ಣುಜ್ಜುತ್ತ, ಕತ್ತು ಕೆರೆದುಕೊಳ್ಳುತ್ತ ಬಾಗಿಲ ಕಡೆ ಓಡಿದರು. ಗೋದೂಬಾಯಿ ಕುರ್ಚಿಯ ಕೈ ಹಿಡಿದು ಉಸಿರಿಗೆ ಒದ್ದಾಡುತ್ತಿದ್ದರು. ಸಮೀರ ತಾಯಿಯನ್ನು ಎತ್ತಿಕೊಂಡು ಕಾರಿಗೆ ಓಡಿದ. ಅರೆಗಳಿಗೆಯಲ್ಲಿ ಗೋದಾಮು ಖಾಲಿಯಾಗಿ, ತಿರುಗುವ ಫ್ಯಾನಿನ ಕೆಳಗೆ ಡಾಕಪ್ಪನೊಬ್ಬನೇ ಉಳಿದ. ಏನಾಯಿತೆಂದು ಅವನಿಗೆ ತಿಳಿಯಲೇ ಇಲ್ಲ. ಎಲ್ಲೋ ಗ್ಯಾಸು ಸೋರಿತೇ ಎಂದು ಸುತ್ತ ನೋಡಿದ.

"ಮೆಣಸಿನಕಾಯಿ ಘಾಟು," ಎಂದು ಹೊರಗೆ ಯಾರೋ ಕೆಮ್ಮುತ್ತ ಹೇಳಿದರು.

ಡಾಕಪ್ಪ ಮಂಡಿಯೂರಿ ಚೀಲಕ್ಕೆ ಮುಖ ಒತ್ತಿ ಉಸಿರು ಜಗ್ಗಿದ. ಏನೂ ಇರಲಿಲ್ಲ. ಇನ್ನೊಂದನ್ನು ಮೂಸಿದ, ಮತ್ತೊಂದನ್ನು ಮೂಸಿದ. ಎಲ್ಲ ಬರೀ ಗಾಳಿ. ಆಗ ಅವನಿಗೆ ಹೆದರಿಕೆಯಾಯಿತು.

ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲಿ ನಿಂತ ಅಣ್ಣಾಜಿರಾಯರು ಬೈಯಲಿಲ್ಲ. "ಅಷ್ಟು ವರ್ಷ ಅದರಾಗ ದುಡದೀ, ನಿನಗ ತಿಳೀಲಿಲ್ಲೇನೋ?" ಎಂದರು. ಇಲ್ರೀ ಎಂದ ಡಾಕಪ್ಪ. ನಿಜವನ್ನೇ ಹೇಳಿದರೂ ಸುಳ್ಳು ಹೇಳಿದವನ ಮುಖವೇ ಅವನದಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಗೋದೂಬಾಯಿ ಸುಧಾರಿಸಿಕೊಂಡರು. ಸಮೀರ ಆಸ್ಪತ್ರೆಯಿಂದ ಬಂದಾಗ ಡಾಕಪ್ಪ ಚೀಲಗಳನ್ನೆಲ್ಲ ಹಿತ್ತಿಲಿಗೆ ಹೊತ್ತು ಹಾಕಿ, ನೆಲ ಒರೆಸುತ್ತಿದ್ದ. ಹೊಸ ಚೀಲ ಹೊಲಿದು ಕೊಡುತ್ತೇನೆ, ಪೇಟೆಯದು ಮುಟ್ಟುವುದಿಲ್ಲ ಎಂದು ಅಂಗಲಾಚಿದ.

"ಚೀಲದ ಮಾತಲ್ಲೋ," ಎಂದ ಸಮೀರ. ಅವನ ಕಣ್ಣುಗಳು ಇನ್ನೂ ಕೆಂಪಗಿದ್ದವು. "ನೀ ಬೇಕಂತ ಮಾಡಿಲ್ಲ, ನನಗ ಗೊತ್ತದ. ಆದ್ರ ನಾಳೆ ಇಲ್ಲೆ ವಾಯರ್ ಸುಟ್ಟ ವಾಸನಿ ಬಂದ್ರ ನಿನಗ ಗೊತ್ತಾಗೂದಿಲ್ಲ. ಒಳಗ ಮಂದಿ ಇರ್ತಾರ. ನಿನ್ನ ಮ್ಯಾಲೆ ಹೆಂಗ ಬಿಟ್ಟು ಹೋಗಲಿ?"

ಡಾಕಪ್ಪನಿಗೆ ಸಿಟ್ಟಾದರೂ ಬಂದಿದ್ದರೆ ಚೆನ್ನಾಗಿತ್ತು. ಹುಡುಗ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದೇ ತಪ್ಪಾಗಿತ್ತು. ಕಟ್ಟೆ, ದಾರಿ, ಹಗ್ಗ, ಟೈರು ಎಲ್ಲ ಅವನು ಇಟ್ಟಲ್ಲೇ ಉಳಿಯಲಿ ಎಂದು ಸಮೀರ ಹೇಳಿದ. ಅಂಗಿಯನ್ನೂ ಇಟ್ಟುಕೋ ಎಂದ. ಡಾಕಪ್ಪ ಅದನ್ನು ಕಳಚಿ ಮಡಚಿಟ್ಟು ಬಸ್ಸು ಹತ್ತಿದ.

ಸಂಜೆ ಬ್ಯಾಡಗಿಯ ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿ ಮುಗಿಸಿದಾಗ ಹೊಳಿಯವ್ವ ತಲೆ ಎತ್ತಲಿಲ್ಲ.

"ನನಗ ಗೊತ್ತೈತಿ," ಎಂದಳು. "ಎಂಟು ವರ್ಷಾತು. ಒಲಿ ಮ್ಯಾಲೆ ಬ್ಯಾಳಿ ಸೀದು ಕರಕಾಗಿತ್ತು, ನೀವು ಬಾಜೂಕ ಕುಂತು ಬೀಡಿ ಸೇದಾಕತ್ತಿದ್ರಿ. ಅವತ್ತ ತಿಳೀತು."

"ಹೇಳಬೇಕಿತ್ತಲ್ಲ."

"ಹೇಳಿ ಏನ್ ಮಾಡೂದಿತ್ತು? ಪ್ಯಾಟಿ ಬಿಡತಿದ್ರೇನು?"

ಎಂಟು ವರ್ಷ ಅವಳು ಮಾಡಿದ ಸಾರು, ಹಚ್ಚಿದ ಊದಿನಕಡ್ಡಿ, ಮುಡಿದ ಹೂವು ಯಾವುದರ ವಾಸನೆಯೂ ಡಾಕಪ್ಪನಿಗೆ ಮುಟ್ಟಿರಲಿಲ್ಲ, ಮುಟ್ಟಲಿಲ್ಲವೆಂಬುದೂ ತಿಳಿದಿರಲಿಲ್ಲ. ಪೇಟೆ ತನ್ನ ಬೆನ್ನನ್ನಷ್ಟೇ ತಿಂದಿದೆ ಎಂದುಕೊಂಡಿದ್ದ. ದುಃಖ ಒತ್ತರಿಸಿ ಬಂತು. ಹೊಳಿಯವ್ವ ತಟ್ಟೆ ತೆಗೆದಿಡುವ ನೆಪದಲ್ಲಿ ಎದ್ದು ಹೋದಳು.

ಮರುದಿನ ಸೋಮವಾರ, ಪೇಟೆಯ ದಿನ. ಶಮಶೇರಸಾಬ ಸಾಲಿನಲ್ಲಿ ಸ್ವಲ್ಪ ಸರಿದು ಜಾಗ ಮಾಡಿದ. ಅಂಗಳದ ತುಂಬ ಕೆಂಪು ರಾಶಿ. ಪರ ಊರಿನ ಖರೀದಿದಾರನೊಬ್ಬ ಅದೇ ಮೊದಲ ಸಲ ಪೇಟೆಯೊಳಗೆ ಕಾಲಿಟ್ಟವನು, ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಸೀನಿ, ಕೆಮ್ಮಿ, ಮೂಗು ಕಣ್ಣುಗಳಲ್ಲಿ ನೀರು ಸುರಿಸುತ್ತ ಕಂಬ ಹಿಡಿದು ನಿಂತ. ಹಮಾಲರೆಲ್ಲ ಎಂದಿನಂತೆ ನಕ್ಕರು. ಡಾಕಪ್ಪ ನಗಲಿಲ್ಲ. ಅವನನ್ನೇ ನೋಡುತ್ತ ನಿಂತ. ಹೊಟ್ಟೆಯೊಳಗೆ ಏನೋ ಉರಿಯಿತು, ಅದು ಹೊಟ್ಟೆಕಿಚ್ಚು ಎಂದು ತಿಳಿಯಲು ತುಸು ಹೊತ್ತು ಬೇಕಾಯಿತು. ಆ ಮನುಷ್ಯ ಇನ್ನೂ ಕೆಮ್ಮುತ್ತಿದ್ದ.

ಶಮಶೇರಸಾಬ ಕರೆದ. ಡಾಕಪ್ಪ ಹೋಗಿ ಬೆನ್ನು ಬಗ್ಗಿಸಿದ.