ಕೊನೆಯ ಪುಟ ನೋಡುವ ಅಕ್ಕ

ನಮ್ಮಕ್ಕ ಮೂವತ್ತು ವರ್ಷದಿಂದ ಆಸ್ಪತ್ರೆಯಲ್ಲಿ ನರ್ಸು. ಯಾವ ಕಾದಂಬರಿ ಸಿಕ್ಕರೂ ಮೊದಲು ಕೊನೆಯ ಪುಟ ತಿರುವುತ್ತಾಳೆ. ಅಲ್ಲಿ ಯಾರಾದರೂ ಸತ್ತಿದ್ದರೆ ಪುಸ್ತಕ ವಾಪಸ್ಸು ಕಪಾಟಿಗೆ. "ಸಾವು ನೋಡೋಕೆ ಆಸ್ಪತ್ರೇಲಿ ಸಂಬಳ ಕೊಡ್ತಾರೆ, ಮನೇಲೂ ಬಿಟ್ಟಿ ಡ್ಯೂಟಿ ಯಾಕೆ?" ಎಂಬುದು ಅವಳ ವಾದ.

ಹೋದ ತಿಂಗಳು ಇ-ರೀಡರ್ ಕೊಳ್ಳಲು ಇಬ್ಬರೂ ಹೋದೆವು. ಅಂಗಡಿಯವರು ಬ್ಯಾಟರಿ, ಬೆಳಕು, ಸಾವಿರಾರು ಪುಸ್ತಕ ಹಿಡಿಯುವ ಜಾಗ ಎಂದು ಒಂದೇ ಸಮನೆ ಕೊರೆದರು. ಅಕ್ಕ ಕೇಳಿದ್ದು ಒಂದೇ: "ಕೊನೆ ಪುಟಕ್ಕೆ ಬೇಗ ಹೋಗೋದು ಯಾವುದ್ರಲ್ಲಿ?" ಅವರು ತಲೆ ಕೆರೆದುಕೊಂಡು ಒಂದನ್ನು ತೋರಿಸಿದರು. ಅದನ್ನೇ ಕೊಂಡಳು.

ನಿನ್ನೆ ಡ್ಯೂಟಿ ಮುಗಿಸಿ ಬಂದವಳು ಯೂನಿಫಾರಂ ಕೂಡ ಬದಲಿಸದೆ ಅಡುಗೆಮನೆಯ ಸ್ಟೂಲಿನ ಮೇಲೆ ಆ ಇ-ರೀಡರ್ ಹಿಡಿದು ಓದುತ್ತ ಕೂತಿದ್ದಳು. ಕಥೆಯ ಹುಡುಗಿಗೆ ವಿಪರೀತ ಜ್ವರವಂತೆ.

"ಕೊನೇಲಿ ಬದುಕ್ತಾಳಾ ಅಕ್ಕ?"

"ನೋಡಿಲ್ಲ ಕಣೋ."

ನಾನು ಬೆಚ್ಚಿಬಿದ್ದೆ. "ನೀನಾ?"

"ಪುಸ್ತಕದಲ್ಲಾದ್ರೆ ಬಲಗೈಲಿ ಪುಟ ಕಮ್ಮಿ ಆಗ್ತಾ ಬಂದ ಹಾಗೆ ಜೀವ ಬಾಯಿಗೆ ಬರೋದು. ಇದು ಎಷ್ಟು ಓದಿದ್ರೂ ತೆಳ್ಳಗಾಗಲ್ಲ."

ಬೆರಳಿನಿಂದ ಪುಟ ಸರಿಸಿದಳು.

"ಬದುಕ್ತಾಳೆ ಬಿಡು. ಇದಕ್ಕಿಂತ ಜಾಸ್ತಿ ಜ್ವರ ಇದ್ದೋರನ್ನ ನಾನೇ ಗೇಟಿನ ತನಕ ನಡೆಸಿ ಮನೆಗೆ ಕಳಿಸಿದೀನಿ."