ಬಾಟಲಿಯಲ್ಲಿ ನೀಲಿಯಾದ ಚಿನ್ನ

ಪರೇಲಿನ ಹಳೆಯ ಮಿಲ್ಲೊಂದರ ಕಟ್ಟಡದಲ್ಲಿ ಡೆಂಗಿ ಪರೀಕ್ಷೆಯ ಪಟ್ಟಿ ತಯಾರಿಸುವ ಸಣ್ಣ ಲ್ಯಾಬ್ ಇದೆ. ಪಟ್ಟಿಯ ಮೇಲೆ ಮೂಡುವ ಕೆಂಪು ಗೆರೆ ಚಿನ್ನದ್ದು. ಕಣ್ಣಿಗೆ ಕಾಣದಷ್ಟು ಸಣ್ಣ ಕಣವಾದಾಗ ಚಿನ್ನ ಹಳದಿಯಾಗಿ ಉಳಿಯುವುದಿಲ್ಲ. ಬೆಳಕು ಬಿದ್ದೊಡನೆ ಕಣದ ಎಲೆಕ್ಟ್ರಾನುಗಳು ಒಟ್ಟಾಗಿ ತೂಗಾಡಿ ಹಸಿರನ್ನು ಹೀರಿಕೊಳ್ಳುತ್ತವೆ. ನಮಗೆ ಕೆಂಪು ಕಾಣುತ್ತದೆ. ಕಣಗಳು ಒಂದಕ್ಕೊಂದು ಅಂಟಿದರೆ ಬಣ್ಣ ನೀಲಿಗೆ ತಿರುಗುತ್ತದೆ. ಆಮೇಲೆ ಆ ಚಿನ್ನ ಕೆಲಸಕ್ಕೆ ಬಾರದು.

ಅಲ್ಲಿ ಗಾಜಿನ ಸಾಮಾನು ತೊಳೆಯುವವರು ವಿಜಯಪುರ ಕಡೆಯ ಕಾಶವ್ವ. ಬೊರಿವಲಿಯಿಂದ ಲೋಕಲ್ ರೈಲಿನಲ್ಲಿ ನಿಂತೇ ಬರುತ್ತಾರೆ. ಗಂಡ ತೀರಿಕೊಂಡ ಮೇಲೆ ಮನೆ ನಡೆಯುವುದು ಇದೊಂದೇ ಕೆಲಸದಿಂದ.

ಆಯುಧಪೂಜೆಯ ದಿನ, ಖಂಡೇನವಮಿಯ ಬೆಳಿಗ್ಗೆ, ಲ್ಯಾಬಿನ ಮುಖ್ಯಸ್ಥೆ ನಮಿತಾ, ಹೊಸ ಚಿನ್ನದ ದ್ರಾವಣವನ್ನು ತೊಳೆದಿಟ್ಟ ಬಾಟಲಿಗೆ ಸುರಿದರು. ನೋಡುನೋಡುತ್ತಲೇ ಕೆಂಪು ನೇರಳೆಯಾಯಿತು, ಆಮೇಲೆ ನೀಲಿ. ಮಧ್ಯಾಹ್ನ ಆಸ್ಪತ್ರೆಯವರು ಮಾದರಿ ನೋಡಲು ಬರುವವರಿದ್ದರು.

"ನಿಂಗಣ್ಣ, ಯೇ ಕ್ಯಾ ಹೈ? ಬಾಟಲಿ ತೊಳೆಯೋಕೆ ಡಿಸ್ಟಿಲ್ಡ್ ಬಿಟ್ಟು ನಳದ ನೀರು ಕೊಟ್ರಾ?"

ನೀರು ತುಂಬಿಡುವ ನಿಂಗಣ್ಣ ಕೈಯಲ್ಲಿದ್ದ ಕ್ಯಾನು ಕೆಳಗಿಟ್ಟ. "ಇಲ್ರೀ ಮೇಡಂ, ದೇವರಾಣಿ."

"ಹೋದ ಸಲಾನೂ ಹೀಗೇ ಅಂದ್ರಿ. ಬಸ್, ನಾಳೆಯಿಂದ ಬರೋದು ಬೇಡ."

ಕಾಶವ್ವ ಸಿಂಕಿನ ಬಳಿ ನಿಂತಿದ್ದರು. ಹಿಂದಿನ ಸಂಜೆ ಪೂಜೆಗೆಂದು ಬಾಟಲಿಗಳನ್ನು ಮನೆಯ ತಾಮ್ರದ ಕೊಡದಂತೆ ಉಪ್ಪು, ಹುಣಸೆಹಣ್ಣು ಹಚ್ಚಿ ತಿಕ್ಕಿ, ಬೇಗಬೇಗ ನೀರು ಹಾಯಿಸಿದವರು ಅವರೇ. ಸುಮ್ಮನಿದ್ದರೆ ಹೋಗುವುದು ನಿಂಗಣ್ಣನ ಕೆಲಸ. ಬಾಯಿ ಬಿಟ್ಟರೆ ತಮ್ಮದು. ನಿಂಗಣ್ಣ ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದ.

"ನಿಂದ್ರಪಾ ನಿಂಗಣ್ಣ. ಮೇಡಂ, ತಪ್ಪು ನೀರಿಂದಲ್ರೀ, ನಂದು. ಖಂಡೇಪೂಜಿ ಐತಂತ ಉಪ್ಪು ಹುಣಸಿಹಣ್ಣು ಹಚ್ಚಿ ತಿಕ್ಕೀನಿ."

ನಮಿತಾ ನೀಲಿಯಾದ ಬಾಟಲಿಯನ್ನು ಕೈಗೆತ್ತಿಕೊಂಡರು. "ಉಪ್ಪಾ? ಉಪ್ಪು ತಾಗಿದ್ರೆ ಕಣ ಅಂಟ್ಕೊಳ್ತವೆ, ಕಾಶವ್ವ!"

"ದೇವರ ಮುಂದ ಇಡೂ ಸಾಮಾನ ಬರೇ ಸೋಪಿನ್ಯಾಗ ಹೆಂಗ ತೊಳೀಲ್ರೀ?"

ನಮಿತಾ ಕಪಾಟು ತೆರೆದು ನೋಡಿದರು. ಇನ್ನೊಂದೇ ಸಲಕ್ಕಾಗುವಷ್ಟು ಚಿನ್ನ ಉಳಿದಿತ್ತು. "ನಿಂಗಣ್ಣ, ಸಾರಿ. ಚೀಲ ಇಡಿ, ನೀರು ತನ್ನಿ. ಕಾಶವ್ವ, ಇದೂ ಕೆಟ್ರೆ ನಿಮ್ಮನ್ನ ನಾನು ಉಳಿಸೋಕಾಗಲ್ಲ."

ನಿಂಗಣ್ಣ ನೀರು ಹೊಯ್ದ, ಕಾಶವ್ವ ಹೊಸ ಬಾಟಲಿ ತೊಳೆದೇ ತೊಳೆದರು. ಒಲೆಯ ಮೇಲೆ ಚಿನ್ನ ಕರಗಿದ ಹಳದಿ ದ್ರಾವಣ ಮೊದಲು ಬಣ್ಣ ಕಳೆದುಕೊಂಡಿತು, ಆಮೇಲೆ ಶಾಯಿಯಂತೆ ಕಪ್ಪು ನೀಲಿಯಾಯಿತು.

"ಮತ್ತ ನೀಲಿ ಆತಲ್ರೀ!"

"ಥಾಂಬಾ, ತಡೀರಿ. ಕಣ ಹುಟ್ಟೋವಾಗ ಮೊದಲು ಹೀಗೇ ಆಗೋದು," ಎಂದರು ನಮಿತಾ, ಕಣ್ಣು ಕೀಳದೆ.

ನೀಲಿ ನೇರಳೆಯಾಯಿತು, ನೇರಳೆ ನಿಧಾನವಾಗಿ ಕೆಂಪಾಯಿತು. ತಣಿದ ಮೇಲೆ ಬಾಟಲಿಗೆ ಸುರಿದು ಮೂವರೂ ಕಾದರು. ಕೆಂಪು ಕದಲಲಿಲ್ಲ.

"ಉಳಿದ ಬಾಟಲಿಗೂ ಉಪ್ಪೇ ಹಚ್ಚಿದ್ದಾ?"

"ಹೂಂ ರೀ. ಎಲ್ಲಾದಕ್ಕೂ."

"ಹಾಗಾದ್ರೆ ನಾಳೆ ಬೇಗ ಬನ್ನಿ. ಎಲ್ಲಾ ತೊಳೀಬೇಕು," ಎಂದರು ನಮಿತಾ.